ಕಡಲ ಹುಲ್ಲಿಗೆ ಚರಗ

ಎಮರಿವಿಲ್
ಶನಿವಾರ, ಫೆಬ್ರವರಿ 7, 2026

ಪ್ರೀತಿಯ ಪದ್ಮಜಾ ಆಂಟಿ,

ನಿಮ್ಮ ಸಂಯುಕ್ತಾ ಬರೆಯುತ್ತಿದ್ದಾಳೆ, ಅದೂ ಪೆನ್ನಿನಲ್ಲಿ, ಅದೂ ಕನ್ನಡದಲ್ಲಿ! ನಗಬೇಡಿ. "ಇಂಗ್ಲಿಷ್ ಮೀಡಿಯಂ ಹುಡುಗೀರು ಕನ್ನಡ ಬರೆಯೋದು ಪರೀಕ್ಷೆ ಹಾಲ್‌ನಲ್ಲಿ ಮಾತ್ರ ಕಣೇ" ಎಂದು ನೀವೇ ರೇಗಿಸಿದ್ದಿರಿ. ಬೆಳಗ್ಗೆಯಿಂದ ನಾಲ್ಕು ಹಾಳೆ ಹರಿದಿದ್ದೇನೆ, ಇದು ಐದನೆಯದು. ಇಂಗ್ಲಿಷಿನಲ್ಲಿ ಬರೆದಿದ್ದರೆ ಸುಲಭವಿತ್ತು. ಆದರೆ ಇಂಗ್ಲಿಷಿನಲ್ಲಿ ನಾನು ದಿನಕ್ಕೆ ನಲವತ್ತು ಸಲ ಸಾರಿ ಹೇಳುತ್ತೇನೆ. ಗ್ರೋಸರಿ ಅಂಗಡಿಯಲ್ಲಿ ಯಾರದೋ ಗಾಡಿ ನನಗೆ ತಾಗಿದರೂ ಸಾರಿ, ಲಿಫ್ಟಿನಲ್ಲಿ ಸೀನಿದರೂ ಸಾರಿ. ನಿಮಗೆ ಹೇಳಬೇಕಾದದ್ದಕ್ಕೆ ಆ ಮಾತು ಸಾಲುವುದಿಲ್ಲ.

ಮದುವೆಯಾಗಿ ಐದು ತಿಂಗಳಾಯಿತು, ಇನ್ನೂ ದಿನ ಎಣಿಸುತ್ತೇನೆ. ಕೇದಾರ ಸಾಕ್ಸು ಮಡಿಸುವುದನ್ನು ನೋಡಿದರೂ ಖುಷಿ, ಅವನು ನನ್ನ ಅನ್ನವನ್ನು "ಗಂಜಿ ಆಗೇದ, ಆದ್ರ ಭಾಳ ಛಲೋ ಗಂಜಿ" ಎಂದು ಹೊಗಳಿದರೂ ಖುಷಿ. ಅಕ್ಟೋಬರಿನಲ್ಲಿ ನಾನು ಬಂದಿಳಿದ ಎರಡನೇ ದಿನವೇ ನೀವು ಹುಳಿಪುಡಿ, ಚಪಾತಿ ಮಣೆ, ಮೊಮ್ಮಗುವಿಗೆ ತರುವಂಥ ಒಂದು ಉಣ್ಣೆ ಟೋಪಿ ಎಲ್ಲ ಹೊತ್ತು ನಮ್ಮ ಅಪಾರ್ಟ್‌ಮೆಂಟಿಗೆ ಬಂದಿರಿ. ಕೇದಾರನ ಲ್ಯಾಬಿನಲ್ಲಿ ಸಂಬಳವಿಲ್ಲದೆ ಕೆಲಸ ಮಾಡುವ ಮೈಸೂರಿನ ಆಂಟಿ ಎಂದಷ್ಟೇ ನನಗೆ ಗೊತ್ತಿತ್ತು. ವಾರದೊಳಗೆ ನೀವು ನನಗೆ ಈ ದೇಶದಲ್ಲಿ ಸಿಕ್ಕ ಅಮ್ಮ ಆಗಿಬಿಟ್ಟಿರಿ...

ಸುತ್ತು ಹೊಡೆಯುತ್ತಿದ್ದೇನೆ. ಹರಿದ ನಾಲ್ಕು ಹಾಳೆಗಳಲ್ಲೂ ಹೀಗೇ ಆಯಿತು. ಆದ್ದರಿಂದ ಮುಖ್ಯ ವಿಷಯ ಈಗಲೇ ಬರೆದುಬಿಡುತ್ತೇನೆ, ಮುಂದೆ ಓದಲು ನಿಮಗೆ ಮನಸ್ಸಾಗದಿದ್ದರೂ ಇಷ್ಟು ತಿಳಿದಿರಲಿ.

ಡಿಸೆಂಬರಿನಲ್ಲಿ ಕಿಟಕಿ ಸಾಲಿನ ನಾಲ್ಕು ತೊಟ್ಟಿಗಳು ಕೆಟ್ಟದ್ದು ನಿಮ್ಮಿಂದಲ್ಲ. ನನ್ನಿಂದ. ನೀವು ಗೊಬ್ಬರದ ಚೀಲಗಳನ್ನು ತಪ್ಪು ತೊಟ್ಟಿಗಳಿಗೆ ಕಟ್ಟಲಿಲ್ಲ. ಕಟ್ಟಿ ಮರೆಯಲೂ ಇಲ್ಲ. ಅವತ್ತು ನಿಮ್ಮ ನೆನಪು ಸರಿಯಾಗಿಯೇ ಇತ್ತು. ಬರುವ ಗುರುವಾರ ಡಾಕ್ಟರ ಮುಂದೆ ಕೂರುವ ಮೊದಲು ನಿಮಗೆ ಇದು ಗೊತ್ತಾಗಬೇಕು.

ಈಗ ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ನನಗೆ ಆಗ ಎಷ್ಟು ಗೊತ್ತಿತ್ತು, ಎಷ್ಟು ಗೊತ್ತಿರಲಿಲ್ಲ ಎಂದು ನಿಮಗೆ ಕಾಣಲಿ ಎಂದು.

ಕೇದಾರನ ಕೆಲಸದ ಬಗ್ಗೆ ಮದುವೆಗೆ ಮೊದಲು ನಾನು ಕೇಳಿದ್ದು ಇಷ್ಟೇ: ಸಮುದ್ರದೊಳಗೆ ಹುಲ್ಲು ಬೆಳೆಯುತ್ತದೆ, ಅವನು ಅದನ್ನು ನೋಡಿಕೊಳ್ಳುತ್ತಾನೆ. ನನ್ನ ಚಿಕ್ಕಪ್ಪ "ಅಮೆರಿಕಾಗೆ ಹೋಗಿ ಹುಲ್ಲು ಕೀಳ್ತಾನೇನಮ್ಮಾ ನಿನ್ನ ಹುಡುಗ?" ಎಂದು ಚಪ್ಪರದ ಕೆಳಗೇ ಕೇಳಿದ್ದರು. ಇಲ್ಲಿಗೆ ಬಂದ ಮೇಲೆ ನೀವು ನನ್ನನ್ನು ಆ ತೊಟ್ಟಿಗಳ ಮುಂದೆ ನಿಲ್ಲಿಸಿ ವಿವರಿಸಿದಿರಿ. ಇಲ್ಲಿನ ಕಡಲ ಕೊಲ್ಲಿಯ ಸುತ್ತಲಿನ ಊರುಗಳ ಚರಂಡಿ ನೀರು ಶುದ್ಧವಾಗಿ ಬಂದರೂ ಅದರಲ್ಲಿ ಗೊಬ್ಬರದ ಸತ್ವ ಉಳಿದಿರುತ್ತದೆ. ಆ ಸತ್ವ ತಿಂದು ಹುಲ್ಲಿನ ಎಲೆಯ ಮೇಲೆ ಪಾಚಿ ಲೋಳೆ ಲೋಳೆಯಾಗಿ ಕೂರುತ್ತದೆ. ಎಲೆಗೆ ಬಿಸಿಲು ಸಿಗದೆ ಹುಲ್ಲು ಸಾಯುತ್ತದೆ. ಆದರೆ ಎಲೆಯ ಮೇಲೆಯೇ ಬದುಕುವ, ಚಿಪ್ಪಿಲ್ಲದ ಬಸವನಹುಳುವಿನಂಥ ಒಂದು ಪುಟ್ಟ ಪ್ರಾಣಿ ಇದೆ, ಕಡಲ ಮೊಲ ಎನ್ನುತ್ತಾರೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ಹಸಿರು ಮೈ, ಬಿಳಿ ಗೆರೆ. ಅದು ಹುಲ್ಲನ್ನು ಮುಟ್ಟದೆ ಮೇಲಿನ ಪಾಚಿಯನ್ನು ಮಾತ್ರ ಮೇಯುತ್ತದೆ. ಸಾಕಷ್ಟು ಮೊಲಗಳಿದ್ದರೆ ನಾವು ಸುರಿದ ಕೊಳೆಯನ್ನು ಎಷ್ಟರಮಟ್ಟಿಗೆ ಸರಿದೂಗಿಸುತ್ತವೆ ಎಂಬುದೇ ಕೇದಾರನ ಪ್ರಶ್ನೆ. ಅವನಿಗೆ ಅವು ದನ, ನಿಮಗೆ ಮರಿಗಳು. "ನೋಡೇ, ನನ್ನ ಮರಿಗಳು ಹೇಗೆ ಒರೆಸಿಟ್ಟಿವೆ, ನಿನ್ನ ಅಡುಗೆಮನೆ ಕಟ್ಟೇನೂ ಇಷ್ಟು ಕ್ಲೀನ್ ಇಲ್ಲ" ಎಂದಿರಿ ನನಗೆ.

ಎಂಟು ತೊಟ್ಟಿ. ಗೋಡೆ ಸಾಲಿನ ನಾಲ್ಕಕ್ಕೆ ಗೊಬ್ಬರದ ಬಿಳಿ ಚೀಲ, ಕಿಟಕಿ ಸಾಲಿನ ನಾಲ್ಕಕ್ಕೆ ಏನೂ ಇಲ್ಲ. ಎರಡೂ ಸಾಲಿನಲ್ಲಿ ಎರಡೆರಡು ತೊಟ್ಟಿಗೆ ಮೊಲಗಳು, ಎರಡೆರಡಕ್ಕೆ ಇಲ್ಲ. ಶುಕ್ರವಾರ ಹೊಸ ಗೊಬ್ಬರ ತೂಗಿ ಚೀಲ ಕಟ್ಟಿ ಪುಸ್ತಕದಲ್ಲಿ ಬರೆಯುವುದು ನಿಮ್ಮ ಕೆಲಸ. ಅದಕ್ಕಾಗಿ ನಿಮ್ಮೂರು ಕ್ಯಾಂಪ್‌ಬೆಲ್‌ನಿಂದ ಫ್ರೀವೇಯಲ್ಲಿ ಒಂದೂಕಾಲು ಗಂಟೆ ಕಾರು ಓಡಿಸಿಕೊಂಡು ಬರುತ್ತಿದ್ದಿರಿ. ಮೂವತ್ತೊಂದು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್ ನೋಡಿದವರು, ಒಂದು ದಿನವೂ ಒಬ್ಬರ ಹೆಸರು ಇನ್ನೊಬ್ಬರ ಶೀಷೆಗೆ ಅಂಟಿಸಿದವರಲ್ಲ. ಇದನ್ನು ನೀವು ಎಷ್ಟು ಹೆಮ್ಮೆಯಿಂದ ಹೇಳಿದ್ದಿರಿ ಎಂದು ನೆನೆದರೆ ಪೆನ್ನು ನಿಂತುಹೋಗುತ್ತದೆ.

ಇನ್ನು ಕೇದಾರನ ಅಜ್ಜಿ. ಬಂಗಾರೆವ್ವಜ್ಜಿ ಸಿಂದಗಿ ಹತ್ತಿರದ ಊರಿನಲ್ಲಿದ್ದಾರೆ, ಎಂಬತ್ತೆರಡು ವರ್ಷ, ವಿಡಿಯೋ ಕಾಲಿನಲ್ಲಿ ಬರೀ ಹಣೆ ಕಾಣಿಸುತ್ತದೆ. ಮದುವೆಯಲ್ಲಿ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ "ಬೆಂಗಳೂರಾಕಿ, ತೆಳ್ಳಗದಾಳ, ರೊಟ್ಟಿ ಬಡೀಲಿಕ್ಕೆ ಬರೂದಿಲ್ಲ ಇಕಿಗಿ" ಎಂದು ತೀರ್ಪು ಕೊಟ್ಟಿದ್ದರು. ಅವರನ್ನು ಗೆಲ್ಲಬೇಕೆಂದು ನನಗೆ ಎಷ್ಟು ಆಸೆ ಗೊತ್ತಾ! ಡಿಸೆಂಬರಿನಲ್ಲಿ ಒಂದು ದಿನ ಫೋನಿನಲ್ಲಿ ಕೇಳಿದರು, "ಎಳ್ಳಮಾಸಿ ಬಂತಲ್ಲವಾ. ಚರಗ ಚೆಲ್ಲತೀರಿಲ್ಲೋ?"

ನಮ್ಮ ಬೆಂಗಳೂರಿನಲ್ಲಿ ಇದಿಲ್ಲ, ನಿಮ್ಮ ಮೈಸೂರಿನಲ್ಲೂ ಇರಲಾರದು. ಎಳ್ಳಮಾವಾಸ್ಯೆಯ ದಿನ ಅವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರಂತೆ. ಪೈರು ನಿಂತ ಭೂಮಿಯನ್ನು ಬಸುರಿ ಎಂದು ಭಾವಿಸಿ, ಅವಳ ಬಯಕೆ ತೀರಿಸಲು, ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಬೆಳೆಯ ಮೇಲೆ ಚೆಲ್ಲುತ್ತಾ ಹೊಲ ಸುತ್ತುತ್ತಾರೆ. ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುತ್ತಾರೆ. ಎಷ್ಟು ಚೆಂದದ ಹಬ್ಬ! ನನಗೆ ಕಣ್ಣಲ್ಲಿ ನೀರೇ ಬಂತು. "ಆದರೆ ಅಜ್ಜಿ, ಇಲ್ಲಿ ನಮಗೆ ಹೊಲ ಎಲ್ಲಿದೆ?" ಎಂದೆ. "ನನ್ನ ಮೊಮ್ಮಗ ನೀರಾಗ ಹುಲ್ಲ ಬೆಳೀತಾನಂತಲ್ಲ? ಬೆಳಿ ಅಂದ ಮ್ಯಾಲ ಅದು ಹೊಲಾನ. ನೀರಾಗಿದ್ರೇನು, ಬಸರಿಗಿ ಹಸಿವಿ ಇರೂದಿಲ್ಲೇನು?" ಎಂದರು.

ಆಂಟಿ, ಆ ಮಾತು ನನ್ನ ತಲೆಗೆ ಹತ್ತಿಬಿಟ್ಟಿತು.

ಡಿಸೆಂಬರ್ ಹತ್ತೊಂಬತ್ತು, ಶುಕ್ರವಾರ. ಬೆಳಗ್ಗೆ ಐದಕ್ಕೆದ್ದು ಸಜ್ಜೆ ಹಿಟ್ಟಿನ ಕಡುಬು ಮಾಡಿದೆ, ಅರ್ಧ ಒಡೆದುಹೋದವು. ಶೇಂಗಾ ಹೋಳಿಗೆ, ಕಾಳಿನ ಪಲ್ಯ, ಅಂಬಲಿ ಮಾಡಿದೆ. ಕೇದಾರನಿಗೆ ಊಟ ತರುತ್ತೇನೆ ಎಂದಷ್ಟೇ ಹೇಳಿದ್ದೆ. ಉಳಿದದ್ದು ಸರ್‌ಪ್ರೈಸು. ನಾನು ಬಂದಾಗ ಅವನು ಕೊಲ್ಲಿಯ ಹುಲ್ಲು ನೋಡಲು ದೋಣಿಯಲ್ಲಿ ಹೋಗಿದ್ದ. ಬಾಗಿಲು ತೆಗೆದವರು ನೀವು. ಗೋಡೆ ಸಾಲಿಗೆ ಆಗಷ್ಟೇ ಹೊಸ ಚೀಲ ಕಟ್ಟಿ ಪುಸ್ತಕದಲ್ಲಿ ಬರೆದು ಮುಗಿಸಿದ್ದಿರಿ. ನನ್ನ ಒಡಕು ಕಡುಬನ್ನು ನಿಂತೇ ತಿಂದು "ರುಚಿ ಇದೆ ಕಣೇ, ರೂಪ ಇಲ್ಲ" ಎಂದಿರಿ. ಅಷ್ಟರಲ್ಲಿ ಹರಿಪ್ರಿಯಾ ಫೋನು. ಮಗಳ ಜೊತೆ ಮಾತಾಡಲು ಒಳಗೆ ಸಿಗ್ನಲ್ ಸಿಗದೆ ನೀವು ಪಾರ್ಕಿಂಗಿಗೆ ಹೋದಿರಿ. ಹೋಗುವಾಗ "ಐದೇ ನಿಮಿಷ ಪುಟ್ಟಾ. ಏನೂ ಮುಟ್ಟಬೇಡ" ಎಂದಿರಿ.

ಮುಟ್ಟಲಿಲ್ಲ ಎಂದು ಆಮೇಲೆ ನನ್ನೊಳಗೇ ಎಷ್ಟೋ ದಿನ ವಾದ ಮಾಡಿದ್ದೇನೆ. ಮುಟ್ಟಲಿಲ್ಲ, ಚೆಲ್ಲಿದೆ ಅಷ್ಟೆ.

ಕಡುಬು, ಹೋಳಿಗೆ, ಪಲ್ಯ ಎಲ್ಲವನ್ನೂ ಅಂಬಲಿಯಲ್ಲಿ ನುಣ್ಣಗೆ ಕಿವುಚಿ ಡಬ್ಬಿಯಲ್ಲಿ ತಂದಿದ್ದೆ. ಗೋಡೆ ಸಾಲಿನ ತೊಟ್ಟಿಗಳಿಗೆ ಚೀಲ ನೇತಾಡುತ್ತಿತ್ತು, ಅವಕ್ಕೆ ಊಟವಿದೆ ಎಂದುಕೊಂಡೆ. ಕಿಟಕಿ ಸಾಲಿಗೆ ಏನೂ ಇರಲಿಲ್ಲ. ನಿಜವಾಗಿ ಹೇಳುತ್ತೇನೆ, ನನಗೆ ಅಯ್ಯೋ ಅನ್ನಿಸಿತು. ಒಂದೇ ಪಂಕ್ತಿಯಲ್ಲಿ ಕೂರಿಸಿ ಅರ್ಧ ಜನಕ್ಕೆ ಬಡಿಸದೆ ಬಿಟ್ಟಂತೆ ಕಂಡಿತು. ಆ ನಾಲ್ಕಕ್ಕೆ ಗೊಬ್ಬರ ಹಾಕದೆ ಇರುವುದೇ ಪ್ರಯೋಗ ಎಂದು ನೀವು ಹೇಳಿಕೊಟ್ಟಿದ್ದಿರಿ. ನಾನು ಕೇಳಿಸಿಕೊಂಡಿದ್ದೆ, ತಲೆಯಾಡಿಸಿದ್ದೆ. ಆ ಹೊತ್ತಿನಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಫೋನನ್ನು ಕಿಟಕಿಗೆ ಒರಗಿಸಿ ವಿಡಿಯೋ ಆನ್ ಮಾಡಿ, ಸೀರೆಯ ಸೆರಗು ಸಿಕ್ಕಿಸಿಕೊಂಡು, ಡಬ್ಬಿ ಹಿಡಿದು, ನಾಲ್ಕಕ್ಕೂ ಹಿಡಿ ಹಿಡಿಯಾಗಿ ಚೆಲ್ಲಿದೆ. ಚೆಲ್ಲುವಾಗ "ಹುಲ್ಲುಲ್ಲಿಗೋ" ಎಂದು ಗಟ್ಟಿಯಾಗಿ ಕೂಗಬೇಕು ಎಂದು ಅಜ್ಜಿ ಹೇಳಿಕೊಟ್ಟಿದ್ದರು. ನಾನು ಪಿಸುಗುಟ್ಟಿದೆ. ಪಿಸುಗುಟ್ಟಿದ್ದೇಕೆ ಎಂದು ಈಗ ಕೇಳಿಕೊಳ್ಳುತ್ತೇನೆ. ತಪ್ಪೆಂದು ಎಲ್ಲೋ ಒಂದು ಮೂಲೆಯಲ್ಲಿ ಗೊತ್ತಿತ್ತೇ?

ನೀವು ವಾಪಸ್ ಬರುವಷ್ಟರಲ್ಲಿ ಅಂಬಲಿ ನೀರಿಗೆ ಕರಗಿತ್ತು. ಮೋಡ ಕವಿದ ಬೆಳಕಿಗೆ ನೀರು ಸ್ವಲ್ಪ ಮಬ್ಬಾಗಿದ್ದು ನಿಮಗೆ ಕಾಣಲಿಲ್ಲ. ನಾನು ತುಂಬಾ ಸಂತೋಷದಲ್ಲಿದ್ದೆ. ನಿಮ್ಮನ್ನು ತಬ್ಬಿಕೊಂಡೆ. "ಏನೇ ಇದು, ಇಷ್ಟೊಂದು ಪ್ರೀತಿ?" ಎಂದಿರಿ.

ಸೋಮವಾರ ಕೇದಾರ ನೀರು ಪರೀಕ್ಷೆ ಮಾಡಿದ. ಗೊಬ್ಬರವಿಲ್ಲದ ನಾಲ್ಕು ತೊಟ್ಟಿಗಳಲ್ಲಿ ಗೊಬ್ಬರದ ಸತ್ವ ಗೋಡೆ ಸಾಲಿಗಿಂತಲೂ ಜಾಸ್ತಿ. ಊಟಕ್ಕೆ ಕೂತು ಅವನು ಅದನ್ನು ಹೇಳಿದಾಗ ನನಗೆ ತಕ್ಷಣ ಗೊತ್ತಾಯಿತು. ಗೊತ್ತಾಗಲು ಒಂದು ಕ್ಷಣವೂ ಹಿಡಿಯಲಿಲ್ಲ. ಎರಡು ತಿಂಗಳ ಕೆಲಸ, ಎಂಟರಲ್ಲಿ ನಾಲ್ಕು ತೊಟ್ಟಿ ಹಾಳು. ಚರಗದ ವಿಡಿಯೋ, ಹುಲ್ಲು ಸೊಂಪಾದ ಮೇಲೆ ಅವನಿಗೆ ತೋರಿಸಬೇಕೆಂದು ಇಟ್ಟುಕೊಂಡಿದ್ದೆ. ಬಚ್ಚಲುಮನೆಗೆ ಹೋಗಿ ಅಳಿಸಿದೆ.

ಮುಂದಿನದು ನಿಮಗೆ ಗೊತ್ತು. ನೀವು ಚೀಲಗಳನ್ನು ಕಿಟಕಿ ಸಾಲಿಗೆ ಕಟ್ಟಿ, ಆಮೇಲೆ ಸರಿಮಾಡಿ, ಮರೆತಿರಬೇಕು ಎಂದು ಎಲ್ಲರೂ ಅಂದುಕೊಂಡರು. ಮಂಗಳವಾರ ಕೇದಾರ ನಿಮ್ಮನ್ನು ಆದಷ್ಟು ಮೆತ್ತಗೆ ಕೇಳಿದನಂತೆ. ನೀವು "ನನಗೆ ನೆನಪಿಲ್ಲಪ್ಪ. ಆದ್ರೆ ಬೇರೆ ಯಾರೂ ಇರಲಿಲ್ಲವಲ್ಲ, ನಾನೇ ಇರಬೇಕು" ಎಂದಿರಂತೆ. ಬೇರೆ ಯಾರೂ ಇರಲಿಲ್ಲ! ನಾನು ಇದ್ದೆ ಎನ್ನುವುದು ನಿಮಗೆ ಹೊಳೆಯಲೇ ಇಲ್ಲ. ಮನೆಯ ಮಗುವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಪುಸ್ತಕದಲ್ಲಿ ನಿಮ್ಮ ಕೈಯಿಂದಲೇ "ಬಹುಶಃ ನನ್ನ ತಪ್ಪು, ಪದ್ಮಜಾ" ಎಂದು ಬರೆದಿರಿ. ಹೊಸ ವರ್ಷಕ್ಕೆ ಮೊದಲೇ ಲ್ಯಾಬಿನ ಬಾಗಿಲು ತೆರೆಯುವ ಕಾರ್ಡು ವಾಪಸ್ ಕೊಟ್ಟು, ಬರುವುದನ್ನೇ ಬಿಟ್ಟಿರಿ.

ಚರಗ ಚೆಲ್ಲಿದ್ದನ್ನು ಅವತ್ತೇ ಅಜ್ಜಿಗೆ ಹೇಳಿಬಿಟ್ಟಿದ್ದೆ. ಆ ವಾರ ಅವರ ಫೋನು ಬಂದಾಗ ಅವರು ಕೇದಾರನಿಗೆ "ನಿನ್ನ ಹೇಣ್ತಿ ಚರಗ ಚೆಲ್ಯಾಳಂತ, ಶಾಣ್ಯಾಕಿ" ಎಂದು ನನ್ನನ್ನು ಹೊಗಳಿದರು. ಅವನು ಬಾಲ್ಕನಿಯ ಕೊತ್ತಂಬರಿ ಕುಂಡಕ್ಕೆ ಚೆಲ್ಲಿರಬೇಕು ಎಂದುಕೊಂಡು ನಕ್ಕ. ನಾನೂ ನಕ್ಕೆ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಹೇಳದೆ ಇದ್ದದ್ದು ಯಾಕೆ? ಮೊದಲ ವಾರ ಭಯ. ಅವನ ಕಣ್ಣಲ್ಲಿ ನಾನು ಇನ್ನೂ ಹೊಸಬಳು, ಎಲ್ಲವೂ ಚೆಂದ. ಗಂಡನ ಕೆಲಸಕ್ಕೇ ಅಂಬಲಿ ಹೊಯ್ದವಳು ಎಂದು ಆ ಚೆಂದ ಒಡೆಯುವುದು ನನಗೆ ಬೇಡವಾಗಿತ್ತು. ಎರಡನೇ ವಾರಕ್ಕೆ ಇನ್ನೊಂದು ಸೇರಿತು. ಹೇಳಿದರೆ, ಒಂದು ವಾರ ಯಾಕೆ ಸುಮ್ಮನಿದ್ದೆ ಎನ್ನುತ್ತಾರಲ್ಲ? ಮೂರನೇ ವಾರಕ್ಕೆ ಎರಡು ವಾರದ ಉತ್ತರ ಬೇಕಾಯಿತು. ಹೀಗೆ ಬೆಳೆಯಿತು.

ಇನ್ನೊಂದು ಕಾರಣವೂ ಇದೆ, ಹೇಳಲು ನಾಚಿಕೆ. ಜನವರಿಯ ಮೊದಲ ವಾರ ಕೇದಾರ ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಕಿಟಕಿ ಸಾಲು ತೋರಿಸಿದ. ಮೊಲಗಳಿಲ್ಲದ ಎರಡು ತೊಟ್ಟಿಗಳಲ್ಲಿ ಹುಲ್ಲು ಕಂದು ಲೋಳೆಯಲ್ಲಿ ಮುಳುಗಿತ್ತು, ಎಲೆ ಕಾಣುತ್ತಲೇ ಇರಲಿಲ್ಲ. ಪಕ್ಕದಲ್ಲೇ ಮೊಲಗಳಿದ್ದ ಎರಡರಲ್ಲಿ ಎಲೆಗಳು ಹಸಿರಾಗಿ ಮಿನುಗುತ್ತಿದ್ದವು. "ನೋಡು, ಅಷ್ಟು ಹೊಲಸು ಬಿದ್ರೂ ಹ್ಯಾಂಗ ಮೇದಾವ ನೋಡು ನನ್ನ ದನಾ! ಎಷ್ಟು ಬಿತ್ತು ಅನ್ನೂದು ಗೊತ್ತಿದ್ರ ಇದನ್ನ ಬರೀಬಹುದಿತ್ತು" ಎಂದ. ನನಗೆ ಆಗ ಏನನ್ನಿಸಿತು ಗೊತ್ತೇ? ಸಮಾಧಾನ. ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ ಎನ್ನಿಸಿತು. ನಾನು ಚೆಲ್ಲಿದ್ದನ್ನೂ ಯಾರೋ ಸದ್ದಿಲ್ಲದೆ ಮೇದು ಮುಗಿಸುತ್ತಾರೆ, ನಾನು ಬಾಯಿ ತೆರೆಯಬೇಕಾಗಿಲ್ಲ ಎಂದುಕೊಂಡೆ. ಪಕ್ಕದ ಎರಡು ತೊಟ್ಟಿಗಳನ್ನು ಮತ್ತೆ ತಿರುಗಿ ನೋಡಲಿಲ್ಲ.

ಆಮೇಲೆ ಸಂಕ್ರಾಂತಿಗೆ ನಿಮ್ಮ ಮನೆಗೆ ಬಂದೆ. ಹೇಳಲೆಂದೇ ಬಂದಿದ್ದೆ ಆಂಟಿ, ದೇವರಾಣೆ. ನಿಮ್ಮ ಅಡುಗೆಮನೆಯ ಬೀರುಗಳ ಮೇಲೆಲ್ಲ ಹಳದಿ ಚೀಟಿ ಅಂಟಿದ್ದವು: ಒಲೆ ಆರಿಸಿದೆಯಾ, ನಲ್ಲಿ, ಮಾತ್ರೆ ಬೆಳಗ್ಗೆ. ರಘೋತ್ತಮ ಅಂಕಲ್ "ಏನಮ್ಮಾ ಹೊಸ ಮದುವಣಗಿತ್ತಿ, ನಮ್ಮ ಮನೆ ಈಗ ಪೋಸ್ಟಾಫೀಸು" ಎಂದು ತಮಾಷೆ ಮಾಡಿದರು. ಅವರೊಬ್ಬರೇ ನಕ್ಕರು. ನೀವು ಕಾಫಿಗೆ ಸಕ್ಕರೆ ಹಾಕಿ, ಹಾಕಿದೆನಾ ಎಂದು ನನ್ನನ್ನು ಕೇಳಿ, ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಿರಿ. ಕಾರು ಓಡಿಸುವುದು ಬಿಟ್ಟೆ ಎಂದಿರಿ. "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಒಂದು ದಿನ ಮಾಡಿದ್ದು ನೆನಪಿಲ್ಲ ಅಂದ್ರು, ಅಷ್ಟೇ" ಎಂದಿರಿ. ಆಮೇಲೆ ನನ್ನ ಕೈ ಹಿಡಿದು ನೀವು ನನ್ನ ಕ್ಷಮೆ ಕೇಳಿದಿರಿ! "ಕೇದಾರನ ಕೆಲಸ ಹಾಳು ಮಾಡಿಬಿಟ್ಟೆ ಕಣೇ, ಅವನು ಪಾಪ ಬೈಯ್ಯಲೂ ಇಲ್ಲ" ಎಂದಿರಿ.

ಬಾಯಲ್ಲಿ ಎಳ್ಳುಬೆಲ್ಲವಿತ್ತು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಎಂದು ನೀವೇ ಕೊಟ್ಟಿದ್ದಿರಿ. ನಾನು "ಬಿಡಿ ಆಂಟಿ, ಯಾರಿಗಾದರೂ ಆಗುತ್ತೆ" ಎಂದೆ. ಒಳ್ಳೆ ಮಾತೇ. ಅದಕ್ಕಿಂತ ಕೆಟ್ಟ ಮಾತು ನಾನು ಜೀವನದಲ್ಲಿ ಆಡಿಲ್ಲ.

ಕೊನೆಗೆ ಮೊನ್ನೆ ಅಂಕಲ್ ಫೋನು ಮಾಡಿದರು. ಗುರುವಾರ ಮರೆವಿನ ಪರೀಕ್ಷೆಗೆ ಹೋಗುತ್ತೀರಂತೆ. ಮನೆಯವರಲ್ಲದೆ, ಹತ್ತಿರದಿಂದ ನೋಡಿದ ಇನ್ನೊಬ್ಬರು ಬಂದು, ನಿಮ್ಮಲ್ಲಿ ಏನು ಬದಲಾವಣೆ ಕಂಡಿದೆ ಎಂದು ಡಾಕ್ಟರಿಗೆ ಹೇಳಿದರೆ ಒಳ್ಳೆಯದಂತೆ. "ಅವಳು ನಿನ್ನ ಹೆಸರೇ ಹೇಳಿದ್ಲಮ್ಮಾ. ಸಂಯುಕ್ತಾ ಸುಳ್ಳು ಹೇಳಲ್ಲ, ಅವಳೇ ಬರಲಿ ಅಂದ್ಲು" ಎಂದರು.

ಬರುತ್ತೇನೆ ಅಂಕಲ್ ಎಂದು ಫೋನು ಇಟ್ಟೆ.

ಇವತ್ತು ಬೆಳಗ್ಗೆ ತಿಂಡಿಯ ಹೊತ್ತಿಗೆ ಕೇದಾರನಿಗೆ ಎಲ್ಲ ಹೇಳಿದೆ. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಯಾವ ಡಬ್ಬಿ?" ಎಂದ. ತೋರಿಸಿದೆ. ಮುಚ್ಚಳ ತೆಗೆದು ಒಳಗೆ ನೋಡಿ, ಮುಚ್ಚಿ ಇಟ್ಟ. "ಆಂಟಿಗೆ ಹೇಳೀಯೇನು?" ಇಲ್ಲ ಎಂದೆ. "ಮತ್ತ ನನಗ್ಯಾಕ ಮೊದಲ ಹೇಳಾಕತ್ತೀ? ಕಾರ್ಡ್ ಕೊಟ್ಟು ಹೋದಾಕಿ ನಾನಲ್ಲ" ಎಂದ. ನಿಮ್ಮ ಮನೆಗೆ ಕಾರಿನಲ್ಲಿ ಕರೆದುಕೊಂಡು ಬರುತ್ತೇನೆ ಎಂದೂ ಹೇಳಿದ. ನಾನು ಬೇಡ ಎಂದೆ. ಅವನು ಪಕ್ಕದಲ್ಲಿದ್ದರೆ ನೀವು ಅವನ ಮುಖ ನೋಡಿ ನನ್ನ ಮೇಲೆ ದಯೆ ತೋರಿಸುತ್ತೀರಿ. ಅವನು ಈಗ ಲ್ಯಾಬಿಗೆ ಹೋಗಿದ್ದಾನೆ. ಆ ಪುಸ್ತಕದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲವಂತೆ. ನಿಮ್ಮ ಸಾಲಿನ ಕೆಳಗೆ, ಏನು ನಡೆಯಿತು, ಯಾರು ಮಾಡಿದರು ಎಂದು ತಾರೀಖು ಹಾಕಿ ಬರೆಯುತ್ತಾನೆ. ಲ್ಯಾಬಿನ ಮುಖ್ಯಸ್ಥರಿಗೂ ತಿಳಿಸುತ್ತಾನೆ. ನನ್ನ ಪೂರ್ತಿ ಹೆಸರು ಬರೆ ಎಂದು ಹೇಳಿದ್ದೇನೆ.

ಇಲ್ಲಿಂದ ಮುಂದೆ ರೈಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿದಿದ್ದರೆ ಅದಕ್ಕೇ. ಎಮರಿವಿಲ್‌ನಿಂದ ಸ್ಯಾನ್ ಹೋಸೆಗೆ, ಅಲ್ಲಿಂದ ನಿಮ್ಮೂರಿನ ಲೈಟ್ ರೈಲು. ಪೋಸ್ಟಿಗೆ ಹಾಕಿದರೆ ಗುರುವಾರದೊಳಗೆ ತಲುಪದೇ ಹೋದರೆ ಎಂದು ಭಯ. ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ಬಾಯಲ್ಲಿ ಹೇಳಹೊರಟರೆ ಸಂಕ್ರಾಂತಿಯ ದಿನದ ಹಾಗೆಯೇ ಆಗುತ್ತದೆ, ನೀವು ಕಾಫಿ ಕೊಡುತ್ತೀರಿ, ನಾನು ಕುಡಿದು ಬರುತ್ತೇನೆ.

ಪರೀಕ್ಷೆಗೆ ಹೋಗಬೇಡಿ ಎನ್ನುವ ಅಧಿಕಾರ ನನಗಿಲ್ಲ. ಹೋಗುವುದಾದರೆ ನಾನೂ ಬರುತ್ತೇನೆ, ಡಾಕ್ಟರ ಮುಂದೆ ನಾನು ಮಾಡಿದ್ದನ್ನು ಹೇಳುತ್ತೇನೆ. ನಿಮ್ಮನ್ನು ಚೀಟಿ ಅಂಟಿಸುವವರೆಗೆ ತಂದದ್ದು ಕಾಯಿಲೆಯಲ್ಲ, ನನ್ನ ಮೌನ ಎಂದು ಅವರಿಗೂ ತಿಳಿಯಲಿ. ನಾನು ಬರುವುದು ಬೇಡವೆಂದರೆ ಈ ಕಾಗದವನ್ನೇ ಅವರಿಗೆ ಓದಿ ಹೇಳಿ. ಏಳು ವಾರ, ಆಂಟಿ. ಏಳು ವಾರ ನೀವು ಪ್ರತಿ ಬೆಳಗ್ಗೆ ನಿಮ್ಮನ್ನೇ ಪರೀಕ್ಷಿಸಿಕೊಂಡು ಎದ್ದಿದ್ದೀರಿ. ನಾನು ಗಂಡನ ತೋಳಿನ ಮೇಲೆ ಮಲಗಿ ಎದ್ದಿದ್ದೇನೆ.

ಕ್ಷಮಿಸಿ ಎಂದು ಕೇಳಲಾರೆ. ಬೈಯಿರಿ. ನಿಮ್ಮ ಬೈಗುಳ ಕೇಳಲು ನನಗೆ ಹಕ್ಕಿದೆ ಎಂದಾದರೂ ಅಂದುಕೊಳ್ಳುತ್ತೇನೆ.

ನಿಮ್ಮ ಪ್ರೀತಿಗೆ ತಕ್ಕವಳಾಗದ,
ಸಂಯುಕ್ತಾ

ಮರೆತಿಲ್ಲ, ಬಿಟ್ಟಿದ್ದೆ: ಕ್ಯಾಂಪ್‌ಬೆಲ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಇದನ್ನು ಸೇರಿಸುತ್ತಿದ್ದೇನೆ. ನಿಮ್ಮ ಮನೆ ಇಲ್ಲಿಂದ ಆರು ನಿಮಿಷ, ಇಪ್ಪತ್ತು ನಿಮಿಷದಿಂದ ಇಲ್ಲೇ ಇದ್ದೇನೆ. ಮೇಲೆ "ಎಲ್ಲರೂ ಅಂದುಕೊಂಡರು" ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಆ ಸೋಮವಾರ ಊಟದ ಮೇಜಿನಲ್ಲಿ ಕೇದಾರ ನಿಮ್ಮ ಮೇಲೆ ಸಂಶಯಪಡಲಿಲ್ಲ. "ಆಂಟಿ ತಪ್ಪು ಮಾಡೂ ಪೈಕಿ ಅಲ್ಲ, ಯಾರೋ ಒಳಗ ಬಂದಾರ, ನಾಳೆ ಎಲ್ಲಾರನ್ನೂ ಕೇಳತೀನಿ" ಎಂದ. ಎಲ್ಲರನ್ನೂ ಕೇಳಿದರೆ ನನ್ನನ್ನೂ ಕೇಳುತ್ತಾನೆ ಎಂದು ಹೆದರಿದೆ. ನವೆಂಬರಿನಲ್ಲಿ ನೀವು ಸರಟೋಗಾಗೆ ಅರಿಶಿನ ಕುಂಕುಮಕ್ಕೆ ಕರೆದುಕೊಂಡು ಹೋಗುವಾಗ, ಕಾರಿನಲ್ಲಿ ನಿಮ್ಮ ಅಮ್ಮನ ಕೊನೆಯ ಆರು ವರ್ಷಗಳ ಬಗ್ಗೆ ಹೇಳಿ, "ಹರಿಪ್ರಿಯಾಗೂ ಇಷ್ಟು ಹೇಳಿಲ್ಲ, ನಿನ್ನಲ್ಲೇ ಇರಲಿ" ಎಂದಿದ್ದಿರಿ. ಅದನ್ನು ತೆಗೆದು ಮೇಜಿನ ಮೇಲಿಟ್ಟೆ. "ಆಂಟಿಯ ಅಮ್ಮನಿಗೆ ಮರೆವಿನ ಕಾಯಿಲೆ ಇತ್ತಂತೆ. ಪಾಪ, ಇವರಿಗೂ ಶುರುವಾಗಿರಬಹುದು, ಅಲ್ವಾ?" ಎಂದೆ. ಮರುದಿನ ಕೇದಾರ ಬೇರೆ ಯಾರನ್ನೂ ಕೇಳಲಿಲ್ಲ, ನಿಮ್ಮನ್ನು ಮಾತ್ರ ಕೇಳಿದ. ಇವತ್ತು ಬೆಳಗ್ಗೆ ಅವನು ಕೊನೆಗೆ ಕೇಳಿದ್ದು ಅದನ್ನೇ, "ಮತ್ತ ಆವತ್ತು ಯಾಕ ಹಂಗಂದಿ?" ಅಂಬಲಿ ಚೆಲ್ಲಿದ್ದು ತಿಳಿಯದೆ, ಆಂಟಿ. ಆ ಮಾತು ಆಡಿದ್ದು ತಿಳಿದೇ.